ಇಸ್ತ್ರಿಯಕ್ಕ ಬಿಟ್ಟುಹೋದ ಖಾಲಿ ಜಾಗ

ಇಸ್ತ್ರಿಯಕ್ಕನಿಗೆ ಲಾಂಡ್ರಿಯವರು ರಜೆ ಬಾಕಿ ಕೊಡಬೇಕು. ಹನ್ನೊಂದು ವರ್ಷದ್ದು. ನಾನಿದನ್ನು ಬರೆಯುವ ಹೊತ್ತಿಗೂ ಕೊಟ್ಟಿಲ್ಲ. ಕೂಲಿಯ ಬಾಕಿಯಾಗಿದ್ದರೆ ಬಡ್ಡಿ ಹಾಕಿಯಾದರೂ ಕೇಳಬಹುದಿತ್ತು. ಹಾಕದೇ ಉಳಿದ ರಜೆಗೆ ಬಡ್ಡಿ ಹಾಕುವ ವಿದ್ಯೆಯನ್ನು ಯಾವ ಪುಣ್ಯಾತ್ಮನೂ ಇನ್ನೂ ಕಂಡುಹಿಡಿದಿಲ್ಲ.

ಅದು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಊರಿಗೆ ಬಂದ ಪ್ರವಾಸಿಗರೆಲ್ಲ ಹೊದ್ದು, ಹೊರಳಿ, ಒರೆಸಿ ಬಿಸಾಡಿದ್ದು ಅಲ್ಲಿಗೆ ಬರುತ್ತದೆ. ಒಳಗೆ ಹೆಜ್ಜೆ ಇಟ್ಟರೆ ಹಬೆ ಮುಖಕ್ಕೆ ಹೊಡೆಯುತ್ತದೆ, ಮಾತಾಡಿದರೆ ಕೂಗಿದಂತಾಗುತ್ತದೆ. ನಡುವೆ ಬಟ್ಟೆಗೆ ಇಸ್ತ್ರಿ ಹಾಕುವ ಒಂದು ಉದ್ದನೆಯ ಬಿಸಿ ರೋಲರ್. ಅದರ ಈಚೆ ಬದಿಗೆ ಇಬ್ಬರು ಹೆಂಗಸರು, ಒದ್ದೆ ಬೆಡ್‌ಶೀಟಿನ ಒಂದೊಂದು ಮೂಲೆ ಹಿಡಿದು, ಜಗ್ಗಿ, ಸುಕ್ಕಿಲ್ಲದಂತೆ ಅದರ ಬಾಯಿಗೆ ಕೊಡಬೇಕು. ಒಬ್ಬಳು ಚೂರು ಮೊದಲು ಬಿಟ್ಟರೆ ಬಟ್ಟೆ ಸೊಟ್ಟಗೆ ಹೋಗಿ ಸುತ್ತಿಕೊಳ್ಳುತ್ತದೆ. ಎಡದ ಮೂಲೆ ಇಸ್ತ್ರಿಯಕ್ಕನದು. ಬಲದ ಮೂಲೆ ಅವಳ ಜೋಡಿಯದು. ದಪ್ಪ ಗಾಜಿನ ಕನ್ನಡಕದ ಆ ಹೆಂಗಸನ್ನು ಎಲ್ಲರೂ ಸೋಡಾಬುಡ್ಡಿ ಅನ್ನುತ್ತಿದ್ದರು. ಹಬೆಗೆ ಕನ್ನಡಕ ಮಂಜಾಗಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಆ ಇಬ್ಬರ ಕೈಯಿಂದ ಸೊಟ್ಟ ಹೋದ ಶೀಟನ್ನು ಕಂಡವರಿಲ್ಲ.

ಬೇರೆಯವರ ರಜೆ ಇಸ್ತ್ರಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ಒಗೆದರೂ ಹೋಗದ ಕಲೆಗಳ ಮೂಲಕ. ಬಿಸಿಲಿಗೆ ಮೈಗೆ ಬಳಿದುಕೊಂಡ ಎಣ್ಣೆಯ ಹಳದಿ, ಚೆಲ್ಲಿದ ವೈನು, ದಿಂಬಿನ ಮೇಲೆ ಅತ್ತವರ ಕಣ್ಣಕಪ್ಪು.

"ಅಷ್ಟು ದುಡ್ಡು ಸುರಿದು ಬಂದು ಅಳ್ತಾರಲ್ಲೇ!" ಎಂದು ಸೋಡಾಬುಡ್ಡಿ ಆಶ್ಚರ್ಯಪಡುತ್ತಿದ್ದಳು.

"ಮನೇಲಿ ಅಳೋಕೆ ಪುರಸೊತ್ತೆಲ್ಲಿ? ಅದಕ್ಕೇ ರಜೆ ಹಾಕಿ ಬರ್ತಾರೆ."

ಇವರಿಗೆ ಮಾತ್ರ ಅಳಲಿಕ್ಕೂ ರಜೆ ಇರಲಿಲ್ಲ. ಕಾನೂನಿನಲ್ಲಿ ಇತ್ತು. ಲಾಂಡ್ರಿಯಲ್ಲಿದ್ದದ್ದು ಬದಲಿ ಪದ್ಧತಿ. ರಜೆ ಬೇಕಾದವಳು ತನ್ನ ಜಾಗಕ್ಕೆ ತಾನೇ ಒಬ್ಬರನ್ನು ಹುಡುಕಿ, ಕೆಲಸ ಕಲಿಸಿ, ನಿಲ್ಲಿಸಿ ಹೋಗಬೇಕು. ಹೋದವಳ ಆ ದಿನಗಳ ಕೂಲಿ ಬಂದವರಿಗೆ. ಮಾಲೀಕನ ಕೂದಲೂ ಕೊಂಕುವುದಿಲ್ಲ. ಕೇಳಿದರೆ ಸೂಪರ್‌ವೈಸರ್ ಹಲ್ಲು ಕಿರಿಯುತ್ತಿದ್ದ: "ರಜೆ ಬೇಡ ಅಂದೋರು ಯಾರಮ್ಮಾ? ಧಾರಾಳವಾಗಿ ತಗೋ. ಬದಲಿ ಯಾರು?" ಹೆರಿಗೆಗೆ ಹೋದ ಒಬ್ಬಳ ಜಾಗಕ್ಕೆ ಅವಳ ತಾಯಿಯೇ ಬಂದು ನಿಂತಿದ್ದಳು. ಮಗಳು ಆಸ್ಪತ್ರೆಯಲ್ಲಿ ಒಬ್ಬಳೇ ಕೂಗಿಕೊಳ್ಳುತ್ತಿದ್ದಾಗ, ಮಗಳ ಕೈ ಹಿಡಿಯಬೇಕಾದವಳು ಯಾರದೋ ಬೆಡ್‌ಶೀಟಿನ ಮೂಲೆ ಹಿಡಿದಿದ್ದಳು. ಇದನ್ನು ಅಲ್ಲಿ ಯಾರೂ ಅನ್ಯಾಯ ಅನ್ನುತ್ತಿರಲಿಲ್ಲ. 'ವ್ಯವಸ್ಥೆ' ಅನ್ನುತ್ತಿದ್ದರು.

ಇಂಥ ಕಡೆ ದುಡಿಯುತ್ತಿದ್ದ ಇಸ್ತ್ರಿಯಕ್ಕನಿಗೆ ಒಂದು ದಿನ ತಂಗಿಯ ಫೋನು ಬಂತು.

ತಂಗಿ ಇರುವುದು ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದಲ್ಲಿ, ಹೋಟೆಲಿನ ಕೋಣೆ ಚೊಕ್ಕಟ ಮಾಡುವ ಕೆಲಸಕ್ಕೆ. ಹೋಗಿ ಎಷ್ಟೋ ವರ್ಷವಾಗಿತ್ತು. ಬಿಟ್ಟು ಬಂದರೆ ಮತ್ತೆ ಒಳಗೆ ಸೇರಿಸುವುದಿಲ್ಲವೆಂಬ ಹೆದರಿಕೆಗೆ ಒಮ್ಮೆಯೂ ಬಂದಿರಲಿಲ್ಲ. ಅಲ್ಲೇ ಹುಟ್ಟಿದ ಅವಳ ಮಗಳನ್ನು ಇಸ್ತ್ರಿಯಕ್ಕ ನೋಡಿದ್ದು ಫೋನಿನ ಗಾಜಿನೊಳಗೆ ಮಾತ್ರ.

"ಅಕ್ಕಾ, ಈಗ ಇಲ್ಲಿ ಜನ ಕಮ್ಮಿ. ಹತ್ತು ದಿನ ಬಂದುಬಿಡೇ. ಟಿಕೆಟ್ ನಂದು, ರೂಮು ಹೋಟೆಲಿನೋರು ಕೊಡ್ತಾರೆ."

"ಹೋಟೆಲಿನೋರು ಯಾಕೇ ಕೊಡ್ತಾರೆ?"

"ಕೊಡ್ತಾರೆ, ಬಾ. ಚಪ್ಪಲಿ ಮಾತ್ರ ನೀರಲ್ಲಿ ಜಾರದೇ ಇರೋದು ತಗೊಂಡು ಬಾ."

ಅಷ್ಟು ಸಾಕಾಯಿತು, ಒಂದೂವರೆ ಕೋಣೆಯ ಆ ಮನೆ ಟೂರಿಸ್ಟ್ ಆಫೀಸಾಗಿಬಿಟ್ಟಿತು. ಗಂಡ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಪಂಕ್ಚರ್ ಹಾಕುವವನು. ಸಮುದ್ರವನ್ನು ಅವನು ನೋಡಿದ್ದು ಲಾರಿಯ ಹಿಂದಿನ ಚಿತ್ರದಲ್ಲಿ. ಆದರೂ ಅಂಗಡಿಗೆ ಬಂದವರಿಗೆಲ್ಲ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತಾ ಅಲ್ಲಿಯ ಅಲೆಗಳ ಬಗ್ಗೆ ಭಾಷಣ ಬಿಗಿಯತೊಡಗಿದ. ಮಂಚದ ಮೇಲಿನ ಅತ್ತೆ ಮೊದಲ ದಿನ ಮೂಗು ಮುರಿದಳು.

"ನೀರು ನೋಡೋಕೆ ಅಷ್ಟು ದೂರ ಹೋಗಬೇಕೇನೇ? ದಿನಾ ಲಾಂಡ್ರಿ ಮೋರಿ ನೋಡ್ತೀಯಲ್ಲ, ಸಾಲದಾ?"

"ಅತ್ತೆ, ಆ ನೀರು ನೀಲಿ ಇರುತ್ತಂತೆ."

"ನಿಮ್ಮ ಮೋರೀಲೂ ನೀಲಿ ಹಾಕ್ತಾರಲ್ಲ!"

ಎರಡನೇ ದಿನ ಅದೇ ಅತ್ತೆ, ತನಗೆ ಅಲ್ಲಿಂದ ಮಂಡಿನೋವಿನ ಎಣ್ಣೆ ತರಬೇಕೆಂದು ಅಪ್ಪಣೆ ಕೊಟ್ಟಳು. ಪಕ್ಕದ ಮನೆಯಾಕೆ ಒಳಗೊಳಗೇ ಉರಿದುಕೊಂಡು, ಸಮುದ್ರಕ್ಕಿಳಿಯುವ ಉಡುಪಿನ ಪ್ರಶ್ನೆ ಎತ್ತಿದಳು. "ಅಲ್ಲಿ ಎಲ್ಲಾರೂ ಅರ್ಧಂಬರ್ಧ ಬಟ್ಟೇಲಿ ಬಿದ್ದಿರ್ತಾರಂತಲ್ಲ, ನೀನು ಏನು ಮಾಡ್ತೀಯಾ?"

"ಬಿದ್ದಿರ್ತೀನಿ. ಬಟ್ಟೆ ಕಂಡ್ರೆ ಕೈ ಇಸ್ತ್ರಿ ಮಾಡೋಕೆ ಹೋಗುತ್ತೆ. ಇಲ್ಲದೇ ಇದ್ರೆ ನನಗೂ ನೆಮ್ಮದಿ."

ಗಂಡ ಕೆಮ್ಮಿದ. ಅತ್ತೆ ಗೋಡೆಯ ಕಡೆ ತಿರುಗಿ ನಕ್ಕಳು. ಚಪ್ಪಲಿಯ ಮೇಲೆ ಒಂದು ವಾರ ಚರ್ಚೆ ನಡೆಯಿತು. ದ್ವೀಪದ ಬಂಡೆಗಳೆಲ್ಲ ಪಾಚಿ ಕಟ್ಟಿರುತ್ತವೆ, ತಂಗಿ ಎಷ್ಟು ಮುಂದಾಲೋಚನೆಯವಳು ಎಂದು ಎಲ್ಲರೂ ತಲೆದೂಗಿ, ಕೊನೆಗೆ ರಬ್ಬರಿನ ದಪ್ಪ ತಳದ ಕರಿ ಬೂಟು ತಂದರು. ಪಾಸ್‌ಪೋರ್ಟು ಗೀಸ್‌ಪೋರ್ಟು ಎಂದು ಅಲೆದದ್ದೂ ಆಯಿತು. ಉಳಿದದ್ದು ಬದಲಿ.

ನಾದಿನಿ ಕೈ ಎತ್ತಿದಳು, ಅವಳಿಗೆ ಹಬೆ ಕಂಡರೆ ಉಬ್ಬಸ. ಪಕ್ಕದ ಮನೆಯಾಕೆ ಮೊದಲು ಹೂಂ ಎಂದು, ರೋಲರನ್ನು ಕಣ್ಣಾರೆ ಕಂಡು ಬಂದ ದಿನವೇ ಸೊಂಟ ಹಿಡಿಸಿಕೊಂಡಳು. ದಾರಿ ಕಾಣದೆ ಗಂಡ ಎದೆ ತಟ್ಟಿದ.

"ನಾನೇ ನಿಲ್ತೀನಿ ಬಿಡೇ. ಲಾರಿ ಟೈರ್ ಎತ್ತೋನಿಗೆ ಬೆಡ್‌ಶೀಟು ಯಾವ ಲೆಕ್ಕ?"

ಪಂಕ್ಚರಿನವನ ಅಂಗೈ ನೀವು ನೋಡಿರಬೇಕು. ಸೋಪಿಗೆ ಬಗ್ಗುವ ಕಪ್ಪಲ್ಲ ಅದು, ಗೆರೆಗೆರೆಯಲ್ಲೂ ಕೂತು ಸಂಸಾರ ಹೂಡಿದ ಕಪ್ಪು. ಅವನು ಸೀಮೆಎಣ್ಣೆಯಲ್ಲಿ ಉಜ್ಜಿ, ಮರಳಲ್ಲಿ ಉಜ್ಜಿ, ಅಂಗೈ ಕೆಂಪಾಗಿ ಸುಲಿದು ಬರುವ ತನಕ ಉಜ್ಜಿಕೊಂಡು, ಒಂದು ಬೆಳಿಗ್ಗೆ ತಲೆ ಬಾಚಿ ಎಡದ ಮೂಲೆಗೆ ಹೋಗಿ ನಿಂತ.

"ಭಾವಾ, ನಾನು 'ಹೂಂ' ಅಂದಾಗ ಬಿಡಬೇಕು. ಮೊದಲು ಬಿಡಬಾರದು, ಆಮೇಲೂ ಬಿಡಬಾರದು," ಎಂದಳು ಸೋಡಾಬುಡ್ಡಿ.

"ಗೊತ್ತಾಯ್ತು ತಾಯಿ."

"ಹೂಂ!"

ಅವನು ಲಾರಿ ಟೈರು ಜಗ್ಗುವ ಹಾಗೆ ಜಗ್ಗಿದ. ಸೋಡಾಬುಡ್ಡಿ ಶೀಟಿನ ಸಮೇತ ಅವನ ಮಗ್ಗುಲಿಗೇ ಬಂದು ಬಿದ್ದಳು. "ನಾನು ಬಲಗಡೆಯವಳು ಭಾವಾ, ನಿನ್ನ ಹೆಂಡತಿ ಅಲ್ಲ!" ಎಂದಾಗ ರೋಲರಿನ ಆಚೆ ಬದಿಯಲ್ಲಿ ಮಡಚುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಆಮೇಲೆ ಕೈ ಕೂಡಿತು, ಶೀಟುಗಳು ನೆಟ್ಟಗೆ ಹೋಗತೊಡಗಿದವು. ಇಸ್ತ್ರಿಯಕ್ಕ ಗೋಡೆಗೆ ಒರಗಿ, ದ್ವೀಪಕ್ಕೆ ಒಂದು ಕಾಲು ಇಟ್ಟೇಬಿಟ್ಟೆ ಅಂದುಕೊಂಡಳು.

ಅಷ್ಟರಲ್ಲಿ ಬೆವರು ಬಂತು. ಬಿಸಿಗೆ ಚರ್ಮದ ರಂಧ್ರಗಳು ಬಾಯಿ ಬಿಟ್ಟವು. ಬದುಕಿಡೀ ಒಳಗೆ ಇಳಿದಿದ್ದ ಗ್ರೀಸು ಹೊರಗೆ ಬರಲು ಅದೇ ಗಳಿಗೆ ಹುಡುಕಿಕೊಂಡಿತು. ಆಚೆ ಬದಿಯಿಂದ ಹೊರಬಿದ್ದ ಪ್ರತಿ ಬಿಳಿ ಶೀಟಿನ ಎಡ ಮೂಲೆಯಲ್ಲೂ ಐದು ಬೆರಳಿನ ಅಚ್ಚುಕಟ್ಟಾದ ಗುರುತು, ಇಸ್ತ್ರಿ ಬೇರೆ ಬಿದ್ದು ಇನ್ನೆಂದೂ ಹೋಗದಂತೆ ಕೂತಿತ್ತು. ಸೋಡಾಬುಡ್ಡಿಗೆ ಕನ್ನಡಕ ಮಂಜಾಗಿ ಕಂಡಿರಲಿಲ್ಲ. ಅವನಿಗೆ ತನ್ನ ಕೈಯ ಗುರುತು ಕಲೆ ಎಂದೇ ಅನ್ನಿಸಿರಲಿಲ್ಲ, ಅವನ ಮನೆಯಲ್ಲಿ ಬಾಗಿಲಿಗೂ ಲೋಟಕ್ಕೂ ಅದು ಇದ್ದದ್ದೇ.

ಸೂಪರ್‌ವೈಸರ್ ಶೀಟು ಎತ್ತಿ ಹಿಡಿದು ಬೆಳಕಿಗೆ ನೋಡಿದ. "ಇದೇನಮ್ಮಾ, ಹೋಟೆಲಿಗೆ ಬಂದೋರು ನಿನ್ನ ಗಂಡನ ಕೈಮೇಲೆ ಮಲಗಬೇಕಾ? ಬೇರೆ ಬದಲಿ ತಾ. ಇಲ್ಲ ದ್ವೀಪಾನ ಮರೆತುಬಿಡು."

ಗಂಡ ಆ ದಿನ ಊಟ ಮಾಡಲಿಲ್ಲ. ಸುಲಿದ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಯಾರದೋ ಮಕ್ಕಳನ್ನು ನೋಡಿಕೊಳ್ಳುವವನಂತೆ ಕೂತಿದ್ದ. ಇಸ್ತ್ರಿಯಕ್ಕ ತಂಗಿಗೆ ಫೋನು ಹಚ್ಚಿದಳು.

"ಆಗಲ್ಲ ಕಣೇ. ನನಗೆ ಬದಲಿ ಸಿಗ್ತಿಲ್ಲ."

ಆ ಕಡೆ ತಂಗಿ ಬಿಕ್ಕತೊಡಗಿದಳು. "ಅಕ್ಕಾ, ಹಂಗನ್ನಬೇಡ. ನೀನು ಬರದಿದ್ರೆ ನನಗೆ ಬದಲಿ ಯಾರೇ?"

ಆಗ ಎಲ್ಲ ಹೊರಗೆ ಬಂತು. ತಂಗಿಗೆ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು. ಹೋಟೆಲಿನವರು ಕರುಣಾಮಯಿಗಳು: ಮಲಗು, ಬೇಡವೆಂದವರು ಯಾರು, ಹತ್ತು ದಿನ ನಿನ್ನ ಜಾಗಕ್ಕೆ ಒಬ್ಬಳನ್ನು ಕರೆಸಿಕೊಂಡು ಮಲಗು, ಬಂದವಳಿಗೆ ರೂಮನ್ನೂ ಕೊಡುತ್ತೇವೆ ಎಂದಿದ್ದರು. ಜಾರದ ಬೂಟು ಬೇಕಾಗಿದ್ದದ್ದು ಬಂಡೆಗಲ್ಲ, ಬಚ್ಚಲು ತಿಕ್ಕಲು.

"ಮೊದಲೇ ಹೇಳೋಕೆ ನಿನಗೇನು ಬಂದಿತ್ತೇ, ಮುಂಡೇದೇ?"

"ರಜೆ ಅಂತ ಅಷ್ಟು ಖುಷಿಯಾಗಿ ಮಾತಾಡಿದೆಯಲ್ಲಕ್ಕಾ... ಬಾಯಿ ಬರಲಿಲ್ಲ."

ಇಸ್ತ್ರಿಯಕ್ಕ ಫೋನಿಟ್ಟು, ಆ ಕರಿ ಬೂಟನ್ನು ಎತ್ತಿ ಗೋಡೆಗೆ ಬೀಸಿದಳು. ಅತ್ತೆ ಬೆಚ್ಚಿ ಎದ್ದು ಕೂತಳು. ತಂಗಿಯ ಮೇಲೆ ಬಂದ ಸಿಟ್ಟು ಬೂಟಿನ ಜೊತೆಗೇ ಹೋಯಿತು. ಉಳಿದ ಸಿಟ್ಟು ಬೇರೆಯದು. ಇಲ್ಲಿ ತನಗೊಬ್ಬ ಬದಲಿ, ತಾನು ಅಲ್ಲಿ ಇನ್ನೊಬ್ಬಳಿಗೆ ಬದಲಿ. ಲೋಕದ ಅಷ್ಟೂ ಹೋಟೆಲುಗಳ ಹಾಸಿಗೆ ಒಂದು ದಿನವೂ ಹಾಸದೆ ಉಳಿಯಬಾರದೆಂದು ಅಕ್ಕ ತಂಗಿ ಗಂಡ ನಾದಿನಿ ಎಲ್ಲರೂ ಒಬ್ಬರ ಜಾಗಕ್ಕೆ ಒಬ್ಬರು ಓಡುತ್ತಿರಬೇಕು. ಮಾಲೀಕ ಮಾತ್ರ ಕೂತಲ್ಲೇ ಕೂತಿರುತ್ತಾನೆ.

ಮರುದಿನ ಅವಳು ಸೂಪರ್‌ವೈಸರನ ಮುಂದೆ ಹೋಗಿ ನಿಂತಳು.

"ಸೋಮವಾರದಿಂದ ನಾನು ಬರಲ್ಲ ಸಾರ್. ಹತ್ತು ದಿನ."

"ಬದಲಿ?"

"ಇಲ್ಲ. ನನ್ನ ಜಾಗ ಖಾಲಿ ಇರುತ್ತೆ. ರಜೆ ಅಂದ್ರೆ ಅದೇ ಅಲ್ವಾ?"

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಖಾಲಿ ಎಂಬ ಮಾತನ್ನು ಆ ಕಟ್ಟಡದೊಳಗೆ ಅವನು ಕೇಳಿರಲಿಲ್ಲ. "ಖಾಲಿ ಅಂದ್ರೆ? ಶೀಟಿನ ಆ ಮೂಲೆ ಹಿಡಿಯೋರು ಯಾರು?"

"ಅದು ನಿಮ್ಮ ತಲೆನೋವು ಸಾರ್. ಇಷ್ಟು ವರ್ಷ ನಮಗೆ ಸಾಲ ಕೊಟ್ಟಿದ್ರಿ, ವಾಪಸ್ ತಗೊಳ್ಳಿ."

ಸೋಡಾಬುಡ್ಡಿ ಕನ್ನಡಕ ಒರೆಸಿಕೊಂಡು ಬಾಯಿ ಹಾಕಿದಳು. "ಹೋಗು ಮಾರಾಯ್ತಿ. ನನ್ನ ಮೂಲೆ ನಾನು ಹಿಡಿದು ನಿಂತಿರ್ತೀನಿ. ಎರಡು ಮೂಲೆ ಹಿಡಿಯೋಕೆ ನನಗೆ ಕೂಲಿ ಕೊಡ್ತಿಲ್ಲ."

ಸೋಡಾಬುಡ್ಡಿ ಹೇಳಿದಂತೆಯೇ ಮಾಡಿದಳು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆ ಗುಡ್ಡವಾಯಿತು. ಸೂಪರ್‌ವೈಸರ್ ಒಬ್ಬೊಬ್ಬರನ್ನೇ ಕರೆದ. ಒಬ್ಬಳಿಗೆ ತಲೆಸುತ್ತು, ಒಬ್ಬಳಿಗೆ ಕಿವುಡು. ಕೊನೆಗೆ ಅವನೇ ಅಂಗಿತೋಳು ಮಡಚಿ ಎಡದ ಮೂಲೆ ಹಿಡಿದ. "ಹೂಂ ಅಂದಾಗ ಬಿಡಬೇಕು ಸಾರ್. ಮೊದಲು ಬಿಡಬಾರದು," ಎಂದಳು ಸೋಡಾಬುಡ್ಡಿ. ಹತ್ತು ದಿನ ಅವನನ್ನು ಹೂಂ ಹೂಂ ಎಂದು ಕುಣಿಸಿದಳು. ಅವನು ಬೆರಳು ಸುಟ್ಟುಕೊಂಡ, ಬಡವಾದ, ಆ ಹತ್ತು ದಿನ ಯಾರನ್ನೂ ಬೈಯಲಿಲ್ಲ.

ಅತ್ತ ಇಸ್ತ್ರಿಯಕ್ಕ ದ್ವೀಪದ ವಿಮಾನನಿಲ್ದಾಣದಲ್ಲಿ ಇಳಿದಾಗ ಅಲ್ಲಿಯ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ತಂಗಿ ಹೇಳಿಕೊಟ್ಟಿದ್ದಂತೆ "ರಜೆ" ಎಂದಳು. ತನ್ನ ಬಗ್ಗೆ ಅವಳು ಆ ಮಾತು ಆಡಿದ್ದು ಅದೇ ಮೊದಲು, ಅದೂ ಸುಳ್ಳು. ತಂಗಿ ಆಸ್ಪತ್ರೆಯಲ್ಲಿ ಮಲಗಿದಳು, ಕಲ್ಲು ತೆಗೆದರು, ಉಳಿದುಕೊಂಡಳು. ಇವಳು ಅವಳ ಕೋಣೆಗಳನ್ನು ಗುಡಿಸಿದಳು, ಹಾಸಿಗೆ ಹಾಸಿದಳು. ಸಂಜೆ ತಂಗಿಯ ಮಗಳು ಪರಿಚಯವಿಲ್ಲದ ದೊಡ್ಡಮ್ಮನ ತೊಡೆಯ ಮೇಲೆ ಮೊದಲು ಸೆಟೆದು ಕೂತು, ಆಮೇಲೆ ನಿದ್ದೆ ಹೋಗುತ್ತಿದ್ದಳು. ಅಷ್ಟೇ ಅವಳ ದ್ವೀಪ.

"ಸಮುದ್ರ ಹೆಂಗಿತ್ತೇ?" ಎಂದು ವಾಪಸ್ ಬಂದಾಗ ಪಕ್ಕದ ಮನೆಯಾಕೆ ಕೇಳಿದಳು.

"ಮೂರನೇ ಮಹಡಿಯಿಂದ ಚೆನ್ನಾಗಿತ್ತು. ಪರದೆ ಬದಲಾಯಿಸುವಾಗ ಕಾಣ್ತಿತ್ತು."

ಲಾಂಡ್ರಿಯಲ್ಲಿ ಸೂಪರ್‌ವೈಸರ್ ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತಾ, "ದ್ವೀಪ ಸುತ್ತಿ ಬಂದೆಯಲ್ಲ, ಇನ್ನು ರಜೆ ಬಾಕಿ ಅಂತ ಬಾಯಿ ತೆಗೀಬೇಡ," ಎಂದ. ಅವಳು ಬಾಯಿ ತೆಗೆದಳು. ಮುಂದಿನ ತಿಂಗಳು ಸೋಡಾಬುಡ್ಡಿಯೂ ಕಣ್ಣಿನ ಆಪರೇಷನ್ನಿಗೆ ಜಾಗ ಖಾಲಿ ಬಿಟ್ಟು ಹೋದಳು. ಆಮೇಲೆ ಮಡಚುವವಳೊಬ್ಬಳು ಯಾವ ಕಾರಣವನ್ನೂ ಹೇಳದೆ, ಸುಮ್ಮನೆ ಮಲಗಬೇಕೆಂದು ಹೋದಳು. ಕಾರಣವಿಲ್ಲದೆ ಮಲಗಿದ್ದನ್ನು ಮಾಲೀಕನಿಗೆ ಸಹಿಸಲಾಗಲಿಲ್ಲ. ಬದಲಿ ಕೊಡದೆ ಹೋದ ಮೂವರನ್ನೂ ಕೆಲಸದಿಂದ ತೆಗೆದ. ಮೂವರೂ ಈಗ ಲಾಂಡ್ರಿಯ ಗೇಟಿನ ಹೊರಗೆ, ಟಾರ್ಪಾಲಿನ ಕೆಳಗೆ ಕೂತಿದ್ದಾರೆ. ಪಂಕ್ಚರಿನವನು ಅಂಗಡಿಯನ್ನೇ ಅಲ್ಲಿಗೆ ತಂದು ಪಕ್ಕದಲ್ಲಿ ಹೂಡಿದ್ದಾನೆ. ಒಳಗಿನವರು ಊಟದ ಹೊತ್ತಿಗೆ ಬಂದು ಜೊತೆಗೆ ಕೂರುತ್ತಾರೆ. ಮಾಲೀಕನ ಕಾರು ಹಾರ್ನ್ ಹೊಡೆಯುತ್ತಾ ಹಾದುಹೋಗುತ್ತದೆ. ಹೇಳಬೇಕೆಂದರೆ, ಮೊನ್ನೆ ಅವನು ಅದರಲ್ಲಿ ಹೊರಟದ್ದು ರಜೆಗೆ.

ಈಗ ನಿಮ್ಮ ಸರದಿ. ಕನಿಕರ ನಿಮ್ಮಲ್ಲೇ ಇರಲಿ, ಟಾರ್ಪಾಲಿನ ಕೆಳಗೆ ಕೂತವರಿಗೆ ಅದು ಬೇಡ. ಮುಂದಿನ ಸಲ ಸಂಸಾರ ಕಟ್ಟಿಕೊಂಡು ಪ್ರವಾಸ ಹೊರಟು ಹೋಟೆಲಿನ ಕೌಂಟರಿನ ಮುಂದೆ ನಿಂತಾಗ, ತಿಂಡಿ ಎಷ್ಟು ಹೊತ್ತಿಗೆ ಎಂದು ಕೇಳುವ ಮೊದಲು ಇದನ್ನು ಕೇಳಿ: ನನ್ನ ಹಾಸಿಗೆ ಹಾಸಿದವಳು, ಈ ಶೀಟು ಒಗೆದವಳು, ಇಸ್ತ್ರಿ ಮಾಡಿದವಳು ಕೊನೆಯ ಸಲ ರಜೆ ಹಾಕಿದ್ದು ಯಾವಾಗ? ಆಗ ಅವಳ ಜಾಗದಲ್ಲಿ ನಿಂತವರು ಯಾರು? ಕೌಂಟರಿನವನು ನಗುತ್ತಾನೆ, ಮ್ಯಾನೇಜರನ್ನು ಕರೆಯುತ್ತಾನೆ. ನಿಮ್ಮ ಹಿಂದಿನ ಸಾಲು ಗೊಣಗುತ್ತದೆ, ಮಕ್ಕಳು ಕೈ ಜಗ್ಗುತ್ತಾರೆ. ಅಲ್ಲಾಡಬೇಡಿ. ಉತ್ತರ ಸಿಗುವ ತನಕ ಅಲ್ಲೇ ನಿಂತಿರಿ.