ವೈದ್ಯರಿಂದಲೇ ಹೇಳಿಸಿದ ಪಥ್ಯ

ಪೆರಿಯಾರ್ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಗಾಡಿಯಲ್ಲಿ ಸುಣ್ಣ ಸಾಗಿಸುತ್ತಿದ್ದಾಗ, ಮಂಡಿನೋವಿಗೆ ಎಣ್ಣೆ ಕೇಳಲು ದಾರಿಯಲ್ಲಿದ್ದ ಚಿನ್ನಮನೂರಿನ ನಾಟಿ ವೈದ್ಯರ ಮನೆಗೆ ಹೋದೆ. ಹೊಗೆಸೊಪ್ಪು ಜಗಿಯುತ್ತಾ ಮಾತಾಡುತ್ತಿದ್ದಂತೆಯೇ ಅವರ ಬಾಯಿ ಸೊಟ್ಟಗಾಯಿತು, ನಾಲಿಗೆ ತೊದಲಿತು. ಹೆದರಿ ಅವರನ್ನು ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು.

"ಏನೂ ಇಲ್ಲ ತಂಬಿ, ಬರೀ ಪಿತ್ತ," ಅಂದರು.

ನಾನು ಮೆಲ್ಲಗೆ ಕೇಳಿದೆ: "ಅಯ್ಯಾ, ಹೊಗೆಸೊಪ್ಪು ಹಾಕೋ ನಮ್ಮೋರೊಬ್ಬರಿಗೆ ಬಾಯಿ ಸೊಟ್ಟಗಾಗಿ ತಾನಾಗೇ ಸರಿಹೋಯ್ತು. ಯಾವ ಬೇರು ಕೊಡಲಿ?"

"ಬರೀ ಬೇರಿನಿಂದ ಆಗಲ್ಲ! ಅದು ಸಣ್ಣ ಪಾರ್ಶ್ವವಾಯು. ಹೋಯ್ತು ಅಂತ ಸುಮ್ಮನಿದ್ದರೆ ದೊಡ್ಡದು ಬರುತ್ತೆ. ಮೊದಲು ಹೊಗೆಸೊಪ್ಪು ಬಿಡಿಸು. ಯಾರಪ್ಪಾ ಅವರು?"

"ನೀವೇ."

ಅವರು ಕೆರಳಿ ಎದ್ದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವರ ಹೆಂಡತಿ ಬಂದವರೇ ಹೊಗೆಸೊಪ್ಪಿನ ಚೀಲ ಎತ್ತಿಕೊಂಡು ಹೋದರು.

ಆಮೇಲೆ ವೈದ್ಯರು ಬಹುಕಾಲ ಗಟ್ಟಿಮುಟ್ಟಾಗಿದ್ದರು. ನನ್ನನ್ನು ಮಾತ್ರ ಮತ್ತೆ ಜಗಲಿ ಹತ್ತಲು ಬಿಡಲಿಲ್ಲ.