ಬೆನ್ನು ಬೆಚ್ಚಗಿರುವ ಕೋಟು

ಯಾಕುತ್ಸ್ಕ್ ಪೇಟೆಯ ಬಯಲು ಸಂತೆಯಲ್ಲಿ ಬಲಾಗಿಯಾ ಇಪ್ಪತ್ತೆಂಟು ಚಳಿಗಾಲ ನಿಂತಿದ್ದಾಳೆ. ಕೂತಿದ್ದಲ್ಲ, ನಿಂತದ್ದು, ಇಲ್ಲಿ ಕೂತವರು ಹೆಪ್ಪುಗಟ್ಟುತ್ತಾರೆ. ಅವಳ ಪೆಟ್ಟಿಗೆಗಳಲ್ಲಿ ಮೀನುಗಳೂ ನಿಂತೇ ಇರುತ್ತವೆ, ಬಾಲ ಕೆಳಗೆ, ಬಾಯಿ ಮೇಲೆ, ಸೀಳಿಟ್ಟ ಸೌದೆಯ ಹಾಗೆ. ಪಕ್ಕದಲ್ಲೇ ಚಳಿಗೆ ಗಟ್ಟಿಯಾದ ಹಾಲಿನ ಬಿಲ್ಲೆ ಮಾರುವವಳು ನಾನು. ಈ ಕತೆಗೆ ಬೇರೆ ಸಾಕ್ಷಿ ಬೇಡ.

ಹೋದ ಜನವರಿಯಲ್ಲಿ ಅವಳಿಗೆ ಕೆಮ್ಮು ಹಿಡಿಯಿತು, ಮೂರು ವಾರ ಹಾಸಿಗೆ. ಹಳೆಯ ಕೋಟಿನ ಬೆನ್ನಲ್ಲಿ ಉಣ್ಣೆ ಉದುರಿ ಬರೀ ತೊಗಲು ಉಳಿದಿತ್ತು, ಚಳಿ ಅಲ್ಲಿಂದಲೇ ಒಳಗೆ ಹೊಕ್ಕಿತ್ತು. ಈ ಸಲ ಊರಿಗೆ ಮಂಜು ಕವಿಯುತ್ತಲೇ ಮಗಳು ತುಯಾರಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಕಮ್ಮಾ. ಅರವತ್ಮೂರಾಯ್ತು. ಜಾಗ ಯಾರಿಗಾದ್ರೂ ಬಿಟ್ಕೊಟ್ಟು ಮನೇಲಿ ಕೂತ್ಕೋ."

"ಕೂತು ಏನ್ ಮಾಡ್ಲಿ? ಗೋಡೆ ಜೊತೆ ಚೌಕಾಸಿ ಮಾಡ್ಲಾ?"

"ನಡುಗಿ ಸಾಯೋದಕ್ಕಿಂತ ಅದೇ ವಾಸಿ."

"ನಡುಗದೇ ಇದ್ರೆ?"

ಮಾತಿಗೆ ಮಾತು ಬೆಳೆದು ಕೊನೆಗೊಂದು ಒಪ್ಪಂದವಾಯಿತು. ಹೊರಗೆ ಒಂದು ಗಂಟೆ ನಿಂತರೂ ಬೆನ್ನು ಬೆಚ್ಚಗಿಡುವ ಕೋಟು ಸಿಕ್ಕರೆ ಈ ಚಳಿಗಾಲವೂ ಸಂತೆ. ಸಿಗದಿದ್ದರೆ ಗೋಡೆ.

ಶನಿವಾರ ಸೊನ್ನೆಗಿಂತ ನಲವತ್ತೆಂಟು ಡಿಗ್ರಿ ಕೆಳಗೆ. ಪರೀಕ್ಷೆಗೆ ಹೇಳಿ ಮಾಡಿಸಿದ ದಿನ. ಪೆಟ್ಟಿಗೆಗಳನ್ನು ನನಗೆ ಒಪ್ಪಿಸಿ ತಾಯಿ ಮಗಳು ಸಂತೆಯ ಬಾಯಲ್ಲಿರುವ ಬಕ್ತಿಗುಲ್‌ಳ ಕೋಟಿನಂಗಡಿಗೆ ಹೋದರು. ಕಿರ್ಗಿಜ್ ನಾಡಿಂದ ಬಂದು ಇಪ್ಪತ್ತು ವರ್ಷವಾದರೂ ನಮ್ಮ ಚಳಿಯನ್ನು ಇನ್ನೂ ಬೈಯುತ್ತಲೇ ಇರುವ ಹೆಂಗಸು ಅವಳು.

ತುಯಾರಾ ಮೊದಲು ಹಿಡಿದದ್ದು ನೇರಳೆ ಬಣ್ಣದ, ಮಿರಮಿರ ಮಿನುಗುವ ಕೋಟು.

"ಹಾಕ್ಕೊಮ್ಮಾ, ಎಷ್ಟು ಬೆಚ್ಚಗಿದೆ!"

"ಅಂಗಡಿ ಒಳಗೆ ಯಾವ ಕೋಟು ತಣ್ಣಗಿರುತ್ತೆ ಹೇಳು?" ಬಲಾಗಿಯಾ ಅದನ್ನು ಹೊರಗಿನ ಮೊಳೆಗೆ ನೇತುಹಾಕಿ, ಒಂದು ಲೋಟ ಚಹಾ ಕುಡಿದು ಬಂದು, ಅದರ ತೋಳು ಮಡಿಸಿದಳು. ಕರಕರ ಎಂದಿತು. "ಕೇಳಿಸ್ತಾ? ಈಗ್ಲೇ ಅಳ್ತಿದೆ. ಹೊಸ ವರ್ಷಕ್ಕೆ ಸೀಳ್ಕೊಳ್ಳುತ್ತೆ."

ಎರಡನೆಯದು ನುಣುಪು ತುಪ್ಪಳದ್ದು. ಅದನ್ನು ಅವಳು ಮುಟ್ಟಲೂ ಇಲ್ಲ. "ಇದು ಕಾರಿಂದ ಇಳಿದು ಬಾಗಿಲಿಗೆ ನಡೆಯೋರ್ದು. ಆ ಮೂಲೇಲಿರೋ ಕರಡಿ ಯಾವ್ದು?"

ಕುರಿಯ ಇಡೀ ತೊಗಲಿನ ಕಾವಲುಗಾರರ ಕೋಟು ಅದು. ಉಣ್ಣೆ ಒಳಗೆ, ಕತ್ತುಪಟ್ಟಿ ಕಿವಿಯ ಮೇಲೆ.

"ಅಯ್ಯೋ, ಅದು ಗಂಡಸರ್ದಮ್ಮಾ!"

"ಚಳಿಗೆ ಅದೆಲ್ಲಾ ಗೊತ್ತಾಗುತ್ತಾ?"

ಹಾಕಿಕೊಂಡು ಹೊರಟವಳನ್ನು ಬಕ್ತಿಗುಲ್ ಅಡ್ಡಗಟ್ಟಿದಳು. "ದುಡ್ಡು ಕೊಡದೆ ಮೀನಿನ ಹತ್ರ ಹೋಗ್ತೀಯಾ ಅಕ್ಕಾ? ಗಬ್ಬು ನಾತ ಹತ್ತಿದ್ರೆ ಯಾರ್ ತಗೋತಾರೆ?"

"ಮೀನನ್ನ ಮುಟ್ಟಲ್ಲ ಕಣೇ. ನಂಬಿಕೆ ಇಲ್ವಾ, ಬಂದು ಕಾವಲು ಕಾಯಿ."

ಬಕ್ತಿಗುಲ್ ನಿಜಕ್ಕೂ ಅಂಗಡಿಗೆ ಬೀಗ ಜಡಿದು ಹಿಂದೆಯೇ ಬಂದಳು!

ಬಲಾಗಿಯಾ ತನ್ನ ಜಾಗದಲ್ಲಿ ಬೆನ್ನ ಹಿಂದೆ ಕೈಕಟ್ಟಿ, ಶಾಲೆ ನೋಡಲು ಬಂದ ಸಾಹೇಬನ ಗತ್ತಿನಲ್ಲಿ ನಿಂತಳು. ಶನಿವಾರವಲ್ಲವೇ, ಗಿರಾಕಿಗಳು ಬಂದರು. ದೊಡ್ಡ ಮೀನು ಬೇಕು ಎಂದರು. ಬಲಾಗಿಯಾ ಆಕಾಶ ನೋಡಿದಳು. ನನ್ನ ಮುಂದೆ ಹಾಲು ಕೊಳ್ಳುವವರ ಸಾಲು, ನನಗೂ ಬಿಡುವಿಲ್ಲ. ತನ್ನ ಕೋಟು ಉಳಿಯಬೇಕಾದರೆ ಬಕ್ತಿಗುಲ್‌ಳೇ ಕೈಹಾಕಬೇಕಾಯಿತು.

"ಬಾಲ ಹಿಡೀಬೇಡ, ಮುರಿಯುತ್ತೆ! ಕುತ್ತಿಗೆ ಹಿಡಿ, ನಿನ್ ಗಂಡನ್ನ ಹಿಡಿಯೋ ಹಾಗೆ."

"ನನ್ ಗಂಡ ಇಷ್ಟು ತೂಕ ಇಲ್ಲ ಅಕ್ಕಾ!"

ಇಪ್ಪತ್ತು ನಿಮಿಷಕ್ಕೆ ತುಯಾರಾ ಕಾಲು ಕುಟ್ಟತೊಡಗಿದಳು. ಅರ್ಧ ಗಂಟೆಗೆ ಚಹಾ ತರುವ ನೆಪ ಹೇಳಿ ಓಡಿದಳು. ಬಕ್ತಿಗುಲ್‌ಳ ರೆಪ್ಪೆಗಳು ಬೆಳ್ಳಗಾದವು, ಆದರೂ ಅವಳು ಒಂಬತ್ತು ಮೀನು ಮಾರಿದ್ದಳು. ಹತ್ತನೆಯದಕ್ಕೆ ಒಬ್ಬ ಮುದುಕ ಮೂಗು ಮುರಿದ.

"ತಾಜಾ ಇದೆಯೇನಮ್ಮಾ?"

"ತಾಜಾನಾ? ನಿನಗಿಂತ ತಾಜಾ ಇದೆ ತಾತಾ! ಇಬ್ಬರ ಮುಖಾನೂ ಪಕ್ಕಪಕ್ಕ ಇಟ್ಟು ನೋಡ್ಲಾ?" ಎಂದಳು ಬಕ್ತಿಗುಲ್.

ಅಷ್ಟರಲ್ಲಿ ಚಹಾ ಹಿಡಿದು ಬಂದ ತುಯಾರಾಳ ಕಣ್ಣಿಗೆ ಬಿದ್ದದ್ದು ತಾಯಿಯ ಬೆನ್ನು. ಭುಜಗಳು ಗಡಗಡ ಅಲುಗುತ್ತಿದ್ದವು.

"ನಡುಗ್ತಿದ್ದೀಯಾ! ಐವತ್ತೇ ನಿಮಿಷಕ್ಕೆ! ಮುಗೀತಮ್ಮಾ, ನಡಿ ಮನೆಗೆ."

"ನಗ್ತಿದ್ದೀನಿ ಕಣೇ!"

"ಸುಳ್ಳು."

"ಇವಳನ್ನ ಕೇಳು," ಎಂದು ಬಲಾಗಿಯಾ ನನ್ನ ಕಡೆ ತಿರುಗಿದಳು. ನಾನೂ ನಗುತ್ತಿದ್ದೆ, ಆದರೆ ಜೊತೆಗೆ ಚಳಿಗೆ ನಡುಗುತ್ತಲೂ ಇದ್ದೆ. ನನ್ನ ಸಾಕ್ಷಿ ಬಿದ್ದುಹೋಯಿತು.

ತುಯಾರಾ ಯಾರನ್ನೂ ನಂಬಲಿಲ್ಲ. ಚಹಾ ನನ್ನ ಕೈಗಿತ್ತು, ಕೈಗವಸು ಕಿತ್ತು, ಬರಿಗೈಯನ್ನು ತಾಯಿಯ ಕತ್ತುಪಟ್ಟಿಯೊಳಗಿಂದ ಬೆನ್ನಿಗೆ ಇಳಿಸಿದಳು. ಇಪ್ಪತ್ತೆಂಟು ಚಳಿಗಾಲದ ಲೆಕ್ಕ ಈಗ ಆ ಅಂಗೈಯಲ್ಲಿತ್ತು.

ಕೈ ಹೊರಗೆ ಬರಲಿಲ್ಲ.

"ತೆಗಿಯೇ, ಮಂಜುಗಡ್ಡೆ ಆಗಿದೆ ನಿನ್ ಕೈ!"

"ಇರಮ್ಮಾ, ಇನ್ನೊಂಚೂರು," ಎಂದ ತುಯಾರಾ ಇನ್ನೊಂದು ಕೈಯ ಗವಸನ್ನೂ ಹಲ್ಲಿನಿಂದ ಕಿತ್ತು, ಅದನ್ನೂ ಒಳಗೆ ಇಳಿಸಿದಳು. ತಾಯಿಯ ಭುಜಕ್ಕೆ ಗಲ್ಲವೂರಿ ನಿಂತಳು. ಉಳಿದ ಹತ್ತು ನಿಮಿಷ ಹಾಗೆಯೇ ಕಳೆಯಿತು.

"ಈ ಒಂದು ಚಳಿಗಾಲ ಅಷ್ಟೇ," ಎಂದಳು ಕೊನೆಗೆ.

"ಮೊದ್ಲು ಇದು ಮುಗೀಲಿ ಬಿಡು," ಎಂದ ಬಲಾಗಿಯಾ ಕಟ್ಟಿದ್ದ ಕೈ ಬಿಚ್ಚಿ, ಕೋಟಿನ ದುಡ್ಡನ್ನು ಬಕ್ತಿಗುಲ್‌ಳಿಗೆ ಕೊಟ್ಟು, ಸಾಲಿನಲ್ಲಿ ನಿಂತವರ ಕಡೆ ಕೂಗಿದಳು. "ಯಾರಪ್ಪಾ ಮುಂದೆ? ಬನ್ನಿ, ಬನ್ನಿ!"