ಪಾಯದ ಗುಂಡಿಯಿಂದ ಮೇಲೆ ಕರೆದವನು

೧೯೯೬ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟೆ. ಓದು ಅಲ್ಲಿಗೆ ನಿಂತಿತು, ದುಡಿಮೆ ಇವತ್ತಿಗೂ ನಿಂತಿಲ್ಲ. ಭಾನುವಳ್ಳಿಯಿಂದ ದಾವಣಗೆರೆಗೆ ಬಂದು, ಗಾರೆ ಕಲಸಿ, ಕರಣೆ ಹಿಡಿದು ಮೇಸ್ತ್ರಿಯಾದವನು ನಾನು. ಗಾಳಿ, ಶಕುನ ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದೆ. ಸೈಟಿನಲ್ಲಿ ಜೀವ ಕಾಯುವುದು ಬೆಳಿಗ್ಗೆ ಹಾಕಿಕೊಂಡ ಪ್ಲಾನು, ಬೇರೇನಲ್ಲ ಎಂದೇ ನಂಬಿದ್ದೆ.

ನನ್ನ ಸೈಟಿನಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಇವತ್ತು ಯಾರಿಗೆ ಎಲ್ಲಿ ಕೆಲಸ, ಅಲ್ಲಿ ಅಪಾಯ ಏನು ಎಂದು ಹೇಳುತ್ತೇನೆ. ಆಮೇಲೆ ನಾನೇ ಎದುರು ನಿಂತು ಹೇಳುವ ತನಕ ಯಾರೂ ಜಾಗ ಬದಲಿಸುವಂತಿಲ್ಲ. ಫೋನಿನಲ್ಲಿ ಹೇಳಿದರೂ ಇಲ್ಲ. ಫೋನುಗಳೆಲ್ಲ ಬುತ್ತಿ ಚೀಲದಲ್ಲೇ ಇರಬೇಕು.

ಕೆಲವು ವರ್ಷಗಳ ಹಿಂದೆ ಎಸ್.ಎಸ್. ಬಡಾವಣೆಯಲ್ಲಿ ಒಂದು ಮನೆಗೆ ಪಾಯ ತೆಗೆಯುತ್ತಿದ್ದೆವು. ಎರೆಮಣ್ಣು, ಆಳೆತ್ತರ ಮೀರಿದ ಗುಂಡಿ. ಹಾಲಮ್ಮನನ್ನೂ ಅವಳ ಗಂಡ ರುದ್ರಪ್ಪನನ್ನೂ ತಳ ಸಮ ಮಾಡಲು ಇಳಿಸಿ, ಕಬ್ಬಿಣ ನೋಡಲು ಬೈಕಿನಲ್ಲಿ ಹರಿಹರಕ್ಕೆ ಹೋದೆ. ಅಂಗಡಿಯಲ್ಲಿ ನಿಂತಿದ್ದಾಗ ತಟ್ಟನೆ ಹೊಳೆಯಿತು. ಗುಂಡಿಯ ಒಂದು ಬದಿ ಒದ್ದೆ ಇತ್ತು. ಆ ಕಡೆ ನಾವು ನೀರೇ ಹಾಕಿರಲಿಲ್ಲ. ಪಕ್ಕದ ಮನೆಯ ತೊಟ್ಟಿ ಸೋರುತ್ತಿರಬೇಕು. ನೀರು ಕುಡಿದ ಎರೆಮಣ್ಣು ಯಾವ ಗಳಿಗೆಯಲ್ಲಾದರೂ ಕುಸಿಯುತ್ತದೆ.

ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಗಾಡಿ ತಿರುಗಿಸಿ ಹೊರಟರೆ ದಾರಿಯಲ್ಲಿ ಬಾತಿ ಊರಿನ ಹತ್ತಿರ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡೆ. ಅಲ್ಲಿ ನಿಂತು ಹುಚ್ಚನ ಹಾಗೆ, “ಮ್ಯಾಲೆ ಬರ್ರಿ, ಮ್ಯಾಲೆ ಬರ್ರಿ” ಎಂದು ನನ್ನಷ್ಟಕ್ಕೆ ನಾನೇ ಅನ್ನುತ್ತಿದ್ದೆ.

ಸೈಟಿಗೆ ಬಂದಾಗ ಆ ಬದಿಯ ಮಣ್ಣೆಲ್ಲ ಕುಸಿದು ಗುಂಡಿ ಮುಚ್ಚಿಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಜಲ್ಲಿ ರಾಶಿಯ ಪಕ್ಕ ಕೂತಿದ್ದರು.

“ಮ್ಯಾಲೆ ಬರಾಕ ಯಾರು ಹೇಳಿದ್ರು?” ಎಂದೆ.

“ನೀವೇ ಹೇಳಿ ಈಗ ನೀವೇ ಕೇಳ್ತೀರಲ್ರಿ ಮೇಸ್ತ್ರಿ. ಬಿಸ್ಲಿಗೆ ತಲಿ ತಿರುಗೈತೇನು?” ಎಂದಳು ಹಾಲಮ್ಮ. “ಅಂಚಿಗೆ ಬಂದು ನಿಂತು ಕರದ್ರಿ. ಇವ್ರು ತಡ ಮಾಡಿದ್ರು ಅಂತ ಕಿವುಡ ಅಂತ ಬೈದ್ರಿ.”

“ಬೈಸ್ಕಂಡೋನು ನಾನು. ಸುಳ್ಳು ಹೆಂಗಾಗ್ತೈತೆ?” ಎಂದ ರುದ್ರಪ್ಪ.

ಅತ್ತ ಕಲ್ಲು ಇಳಿಸುತ್ತಿದ್ದ ನಮ್ಮ ಆಳುಗಳೂ ನನ್ನನ್ನು ಕಂಡೆವೆಂದರು. ನಾನು ಹರಿಹರದಲ್ಲಿದ್ದೆ ಎಂದರೆ ತಮಾಷೆ ಎಂದುಕೊಂಡು ನಕ್ಕರು. ದಾರಿಯಲ್ಲಿ ಹೋಗುವ ಯಾರೋ ಕೂಗಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ದಿನಾ ನನ್ನ ಮುಖ ನೋಡುವವರು ಅಷ್ಟೂ ಜನ ತಪ್ಪಿದರೇ? ನನಗೆ ತಿಳಿಯದು.

ನಿಜ ಹೇಳಬೇಕೆಂದರೆ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ನಾನಲ್ಲದವನ ಮಾತನ್ನು ಅವರು ನನ್ನದೆಂದೇ ಕೇಳಿದರು. ಅವನೇ ಇನ್ನೊಂದು ದಿನ ಬಂದು “ಇಳೀರಿ” ಎಂದರೆ? ಗುಂಡಿಯಲ್ಲಿ ಜನ ಇರುವಾಗ ನಾನೀಗ ಸೈಟು ಬಿಟ್ಟು ಕದಲುವುದಿಲ್ಲ.

ಇವತ್ತು ನನಗೆ ಸ್ವಂತದ್ದೊಂದು ಮನೆ ಇದೆ. ಎರಡು ಮಿಕ್ಸರ್, ಒಂದು ಗೂಡ್ಸ್ ಗಾಡಿ ಇವೆ. ಹನ್ನೊಂದು ಜನ ಆಳುಗಳಿದ್ದಾರೆ, ಹಾಲಮ್ಮ ರುದ್ರಪ್ಪ ಸೇರಿ ಹನ್ನೊಂದು.